ಹಳದಿ ಮನೆಯ ದೀಪ

ಮೊದಲು ಕಂಡದ್ದು ಬೂಟುಗಳು.

ಹಳದಿ ಬಣ್ಣದ ಗಾಲಿಮನೆಯ ಬುಡಕ್ಕೆ ಸುತ್ತಲೂ ಹೊದಿಸಿದ್ದ ತಗಡಿನಲ್ಲಿ ಒಂದು ಹಾಳೆ ಕಳಚಿತ್ತು. ಆ ಸಂದಿಯಿಂದ ಎರಡು ಬೂಟು ಹೊರಕ್ಕೆ ಚಾಚಿದ್ದವು. ರಾತ್ರಿ ಬಿದ್ದ ಹಿಮ ಅವುಗಳ ಮೇಲೆ ದಪ್ಪಗೆ ಕೂತಿತ್ತು. ನೋಡಿದವನು ಈ ಗಾಲಿಮನೆಗಳ ಪಾರ್ಕಿನ ಯಜಮಾನ ಗಾರ್ಡನ್ ಕ್ವಿಲ್. ಅವನು ಕಿರುಚಿಕೊಂಡ ಸದ್ದಿಗೆ ಅಕ್ಕಪಕ್ಕದವರೆಲ್ಲ ಎದ್ದು ಬಂದಿದ್ದರು.

ಕೌಂಟಿ ಪೊಲೀಸಿನ ಪತ್ತೇದಾರಿ ಅರ್ಲೀನ್ ಸ್ಕೂಗ್ ಟಾರ್ಚು ಹಿಡಿದು ಮನೆಯ ಕೆಳಗೆ ತೆವಳಿದಳು. ಮೇಲೆ ಉಕ್ಕಿನ ತೊಲೆ, ಕೆಳಗೆ ಕಲ್ಲಿನಂತಾದ ಮಣ್ಣು. ನಡುವೆ ಬೋರಲಾಗಿ ಬಿದ್ದಿದ್ದವನು ಡ್ವೇನ್ ಪ್ರೂಯಿಟ್—ಟ್ಯಾಮರಾಕ್ ಪಾರ್ಕಿನ ಮ್ಯಾನೇಜರ್. ಬಾಡಿಗೆ ವಸೂಲಿಯಿಂದ ಹಿಡಿದು ಹಿಮ ಗೋರುವವರೆಗೆ ಎಲ್ಲ ಅವನದೇ ಕೆಲಸ. ಹಿಂದಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈಯಲ್ಲಿ ಗುಲಾಬಿ ಬಣ್ಣದ ಹೇರ್ ಡ್ರೈಯರ್. ಅದರಾಚೆ ನೆಲದಿಂದೆದ್ದ ನೀರಿನ ಪೈಪು ಬೋಳಾಗಿ ನಿಂತಿತ್ತು.

ಹೊರಗೆ ಅವಳ ಮೇಲಧಿಕಾರಿ ಷೆರೀಫ್ ಹರ್ಮನ್ ಡಾಲ್ ಕಾಫಿ ಹೀರುತ್ತಿದ್ದ.

"ಪೈಪಲ್ಲಿ ನೀರು ಹೆಪ್ಪುಗಟ್ಟಿದೆ. ಬಿಸಿ ಮಾಡೋಕೆ ಒಳಗೆ ನುಗ್ಗಿದಾನೆ. ತಲೆ ಎತ್ತಿದಾಗ ತೊಲೆ ಬಡಿದಿದೆ. ಉಳಿದಿದ್ದು ಚಳಿ ಮುಗಿಸಿದೆ. ಇದರಲ್ಲಿ ಇನ್ನೇನಿದೆ, ಅರ್ಲೀನ್?"

"ಡ್ರೈಯರ್ ವೈರು ಸುತ್ತಿ ಕಟ್ಟಿದ ಹಾಗೇ ಇದೆ, ಸರ್. ಕರೆಂಟೇ ಕೊಡದೆ ಏನ್ ಬಿಸಿ ಮಾಡ್ತಿದ್ದ?"

ಷೆರೀಫ್ ಕಾಫಿ ಹೀರುವುದನ್ನು ನಿಲ್ಲಿಸಿದ.

ಮಧ್ಯಾಹ್ನದೊಳಗೆ ಡಾಕ್ಟರೂ ಫೋನ್ ಮಾಡಿದರು. ಪೆಟ್ಟು ಒಂದಲ್ಲ, ಎರಡು. ಸಾವು ಹಿಂದಿನ ದಿನ, ಗುರುವಾರ ಸಂಜೆಯದು. ಒಂದೇ ತೊಲೆಗೆ ಒಂದೇ ಜಾಗವನ್ನು ಎರಡು ಸಲ ಯಾರೂ ಚಚ್ಚಿಕೊಳ್ಳುವುದಿಲ್ಲ. ಡ್ವೇನ್‌ನನ್ನು ಕೊಂದು ತಂದು ಮಲಗಿಸಿದ್ದರು.

ಯಾರು? ಯಾಕೆ?

ಟ್ಯಾಮರಾಕ್ ಪಾರ್ಕಿನಲ್ಲಿ ಗಾಲಿಮನೆಗೆ ಗಾಲಿ ಹೆಸರಿಗಷ್ಟೇ. ಮನೆ ಬಡವರದು, ಅಡಿಯ ನೆಲ ಯಜಮಾನನದು. ನೆಲದ ಬಾಡಿಗೆ ಏರಿದರೂ ಯಾರೂ ಮನೆ ಎತ್ತಿಕೊಂಡು ಹೋಗುವುದಿಲ್ಲ. ಸಾಗಿಸುವ ಖರ್ಚು ಮನೆಯ ಬೆಲೆಯನ್ನೇ ಮೀರುತ್ತದೆ. ಪಾರ್ಕು ಕೊಳ್ಳುವ ದೊಡ್ಡವರಿಗೆ ಇದರಲ್ಲಿ ರುಚಿ ಹತ್ತಿರುವುದೇ ಅದಕ್ಕೆ. ಅರ್ಲೀನ್ ಬೆಳೆದದ್ದೂ ಇಂಥದೇ ಪಾರ್ಕಿನಲ್ಲಿ. ಯಜಮಾನ ಬದಲಾದ ವರ್ಷ ಅವಳ ತಾಯಿ ಮನೆಯನ್ನು ನಿಂತಲ್ಲೇ ಬಿಟ್ಟು, ಸೂಟ್‌ಕೇಸು ಹಿಡಿದು ಹೊರಟಿದ್ದಳು. ಕೊಳ್ಳುವವರನ್ನು ಕಂಡರೆ ಅರ್ಲೀನ್‌ಗೆ ಈಗಲೂ ಮೈ ಉರಿಯುತ್ತದೆ.

ಪಾರ್ಕಿನವರೆಲ್ಲ ಬಟ್ಟೆ ಒಗೆಯುವ ಲಾಂಡ್ರಿ ರೂಮಿನಲ್ಲೇ ವಿಚಾರಣೆ ಶುರುವಾಯಿತು. ಮೊದಲು ಯಜಮಾನ ಕ್ವಿಲ್.

"ಹಳದಿ ಮನೇಲಿ ಯಾರಿದಾರೆ?"

"ಅವರಾ... ಮಗಳ ಮನೆಗೆ ಹೋಗಿದಾರೆ, ಮೇಡಂ. ಟೆಕ್ಸಾಸ್‌ಗೆ. ವಾರದ ಮೇಲಾಯ್ತು."

"ಹೆಸರು?"

"ತಕ್ಷಣ ನೆನಪಿಗೆ ಬರ್ತಿಲ್ಲ. ಅದೆಲ್ಲ ಡ್ವೇನ್ ನೋಡ್ಕೊಳ್ತಿದ್ದ."

"ಪಾರ್ಕ್ ಮಾರ್ತಿದೀರಂತೆ?"

"ಸೋಮವಾರ ಸಹಿ. ವಯಸ್ಸಾಯ್ತು, ಸಾಕು ಅನ್ಸಿದೆ. ಮೇಡಂ, ಡ್ವೇನ್ ನನ್ನ ಬಲಗೈ ಇದ್ದ ಹಾಗಿದ್ದ. ಅವನನ್ನ ನಾನ್ಯಾಕೆ ಕೊಲ್ಲಲಿ?"

"ಕೊಂದಿದೀರಿ ಅಂತ ನಾನಂದ್ನಾ?"

ಕ್ವಿಲ್ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ಆ ಚಳಿಯಲ್ಲೂ ಬೆವರು!

ಎರಡನೆಯವನು ಕೊಳ್ಳಲು ಬಂದವನು—ಫ್ಲೋರಿಡಾದ ಪ್ರೆಸ್ಟನ್ ಲೈಲ್. ಬಿಸಿಲಿಗೆ ಕೆಂಪಾದ ಮುಖ, ತೆಳು ಕೋಟು, ಹಿಮದಲ್ಲಿ ನೆನೆದ ತೆಳು ಬೂಟು. ಹಲ್ಲು ಕಟಕಟಿಸುತ್ತಿದ್ದರೂ ಜಂಬಕ್ಕೆ ಕಡಿಮೆಯಿರಲಿಲ್ಲ.

"ಗುರುವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ. ಕಾರಲ್ಲೇ ಕೂತು ಪಾರ್ಕ್ ಒಂದು ಸುತ್ತು ಹಾಕ್ದೆ. ಮುಚ್ಚಿಡೋದೇನಿದೆ? ಮಾರೋರು ತೋರಿಸೋ ಕಾಗದ ನಂಬೋನು ಕತ್ತೆ, ಮೇಡಂ. ಮುಸ್ಸಂಜೆ ಹೊತ್ತಿಗೆ ಹೇಳದೆ ಕೇಳದೆ ಬಂದು ದೀಪ ಎಣಿಸ್ಬೇಕು. ದೀಪ ಇದ್ರೆ ಜನ ಇದಾರೆ, ಜನ ಇದ್ರೆ ಬಾಡಿಗೆ ಬರುತ್ತೆ. ಇಷ್ಟು ಪಾರ್ಕ್ ತಗೊಂಡಿದೀನಿ, ಒಂದ್ಸಲಾನೂ ಮೋಸ ಹೋಗಿಲ್ಲ."

"ಇಲ್ಲಿ ಹೇಗಿತ್ತು?"

"ಹೆಚ್ಚೂಕಮ್ಮಿ ಎಲ್ಲಾ ಮನೇಲೂ ದೀಪ! ಇಂಥ ಪಾರ್ಕ್, ಅದೂ ಈ ಬೆಲೆಗೆ—" ಅವನು ಮಾತು ನುಂಗಿದ.

"ಡ್ವೇನ್ ಸಿಕ್ಕಿದ್ನಾ?"

"ಇಲ್ಲಪ್ಪ. ಪೈಪಿನ ಕೆಲಸದಲ್ಲಿದ್ದ ಅನ್ಸುತ್ತೆ. ಆ ಮನೆಯವರು ನೀರಿಲ್ಲದೆ ಒದ್ದಾಡಿ ಕರೆದಿರ್ತಾರೆ, ಪಾಪ."

ಒಬ್ಬ ಆ ಮನೆಯವರು ಟೆಕ್ಸಾಸಿನಲ್ಲಿದ್ದಾರೆ ಎನ್ನುತ್ತಾನೆ. ಇನ್ನೊಬ್ಬ ಮನೆಯಲ್ಲೇ ಇದ್ದು ಕರೆದರು ಎನ್ನುತ್ತಾನೆ. ಅರ್ಲೀನ್ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡಳು. ಸುಳ್ಳು ಕ್ವಿಲ್‌ನದೇ ಎಂದು ಅವಳಿಗೆ ಆಗಲೇ ಅನಿಸಿತ್ತು. ಆದರೆ ಆ ಸುಳ್ಳು ಯಾತಕ್ಕೆ?

ಮೂರನೆಯವಳು ಮಾರ್ಲಿಸ್ ಟ್ವೈಟ್. ಹಳದಿ ಮನೆಯ ಎದುರು ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ದುಡಿದು ಬೆನ್ನು ಬಾಗಿದ ಮುದುಕಿ. ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು.

"ಡ್ರೈಯರ್ ನಿಮ್ಮದಾ, ಅಮ್ಮಾ?"

"ನಂದೇ. ಯಾರ ಮನೆ ಪೈಪಿಗೋ ಹಿಡೀಬೇಕು ಅಂತ ಗುರುವಾರ ಮಧ್ಯಾಹ್ನ ಇಸ್ಕೊಂಡು ಹೋದ."

"ಅದೇ ಹೊತ್ತಲ್ಲಿ ಅವನ ಮೇಲೆ ಕೂಗಾಡಿದ್ರಂತೆ. 'ನಮ್ಮ ಅನ್ನ ತಿಂದು ನಮಗೇ ಗುಂಡಿ ತೋಡಿದ್ಯಲ್ಲೋ' ಅಂದ್ರಂತೆ. ಅಕ್ಕಪಕ್ಕದವರು ಕೇಳಿದಾರೆ."

"ಅಂದೆ."

"ಯಾಕೆ?"

"ಭಾನುವಾರದವರೆಗೆ ಹೇಳಲ್ಲ."

"ಭಾನುವಾರ ಏನಿದೆ?"

"ಹೇಳಲ್ಲ ಅಂದ್ನಲ್ಲ ಕಣಮ್ಮಾ. ಅವನಿಗೆ ಮಾತು ಕೊಟ್ಟಿದೀನಿ. ಅವನು ಸತ್ತ ಅಂತ ಮಾತೂ ಸತ್ತೋಯ್ತಾ?"

"ಇದು ಕೊಲೆ, ಅಮ್ಮಾ. ನಿಮ್ಮನ್ನೇ ಒಳಗೆ ಹಾಕ್ತಾರೆ."

ಮುದುಕಿ ಕೈಕಟ್ಟಿ ಕೂತಳು.

ಷೆರೀಫ್‌ಗೆ ಅಷ್ಟು ಸಾಕಾಗಿತ್ತು. "ಡ್ರೈಯರ್ ಅವಳದು, ಜಗಳ ಅವಳದು. ಬಾಯಿ ಬಿಡ್ತಿಲ್ಲ. ಇನ್ನೇನ್ ಮೇಲಿಂದ ದೇವರು ಇಳಿದು ಬಂದು ಸಾಕ್ಷಿ ಹೇಳ್ಬೇಕಾ?"

"ಡ್ವೇನ್ ಕೋಣನ ಹಾಗಿದ್ದ, ಸರ್. ಈಯಮ್ಮ ಅವನನ್ನ ಎಳ್ಕೊಂಡು ಹೋಗಿ ತಗಡಿನ ಸಂದೀಲಿ ತೂರಿಸಿದ್ಲಾ?"

"ಯಾರಾದ್ರೂ ಜೊತೇಲಿದ್ದಿರ್ತಾರೆ. ಕರ್ಕೊಂಡು ಬಾ."

ಜೀಪು ಹತ್ತುವಾಗ ಮಾರ್ಲಿಸ್ ಅರ್ಲೀನಳ ತೋಳು ಹಿಡಿದುಕೊಂಡಳು. "ಮಗಳೇ, ನನ್ನ ಮನೆ ನಲ್ಲಿ ಸಣ್ಣಗೆ ತೊಟ್ಟಿಕ್ಕೋ ಹಾಗೆ ಬಿಟ್ಟು ಬಾ. ಪೈಪಿಗೆ ಸುತ್ತಿರೋ ಬಿಸಿತಂತೀನೂ ಉರೀತಿದ್ಯಾ ನೋಡು, ಹಳೇದಾಗಿದೆ. ಪೈಪ್ ಒಡೆದ್ರೆ ನಾನು ಬಿಡುಗಡೆಯಾಗಿ ಬಂದ್ರೂ ಮನೆ ಇರಲ್ಲ."

ಅರ್ಲೀನಳ ತಾಯಿಯೂ ಊರು ಬಿಟ್ಟು ಹೋಗುವ ದಿನ ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದೇ ನೋಡಿದ್ದಳು.

ಹೊತ್ತು ಮುಳುಗುವ ಮುಂಚೆ ಅವಳು ಮಾರ್ಲಿಸಳ ಮನೆಗೆ ಹೋದಳು. ನಲ್ಲಿ ತೊಟ್ಟಿಕ್ಕುವಂತೆ ಬಿಟ್ಟಳು. ಹೊರಗೆ ಬಂದು ಬುಡದ ತಗಡು ಸರಿಸಿ ಟಾರ್ಚು ಬಿಟ್ಟಳು. ಪೈಪಿನ ಸುತ್ತ ಮಾಸಿದ ಬಿಸಿತಂತಿ ಒತ್ತೊತ್ತಾಗಿ ಸುತ್ತಿಕೊಂಡಿತ್ತು. ಅದರ ತುದಿಯ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಸರಿ, ಬದುಕಿದಳು ಮುದುಕಿ, ಅಂದುಕೊಂಡು ತಗಡು ಮುಚ್ಚಲು ಹೋದವಳ ಕೈ ಹಾಗೇ ನಿಂತಿತು.

ಬೋಳು ಪೈಪು!

ಬೆಳಿಗ್ಗೆ ಅದು ಕಣ್ಣೆದುರಿಗೇ ಇತ್ತು. ಹೆಣ ನೋಡುವ ಭರದಲ್ಲಿ ಅವಳು ಅದರತ್ತ ಗಮನವನ್ನೇ ಕೊಟ್ಟಿರಲಿಲ್ಲ. ಈ ಚಳಿಯಲ್ಲಿ ಬಿಸಿತಂತಿಯಿಲ್ಲದ ಪೈಪು ಒಂದು ರಾತ್ರಿಯೂ ಉಳಿಯುವುದಿಲ್ಲ. ಒಕ್ಕಲಿದ್ದವರು ಅದನ್ನು ಹಾಗೆ ಬಿಟ್ಟಾರೆಯೇ?

ಅವಳು ತಿರುಗಿ ಹಳದಿ ಮನೆಯತ್ತ ನೋಡಿದಳು. ಬಾಗಿಲಿಗೆ ಪೊಲೀಸರ ಪಟ್ಟಿ. ಒಳಗೆ ನರಪಿಳ್ಳೆಯೂ ಇಲ್ಲ.

ನೋಡುತ್ತಿದ್ದಂತೆಯೇ ಆ ಮನೆಯ ಕಿಟಕಿಯಲ್ಲಿ ದೀಪ ಹೊತ್ತಿಕೊಂಡಿತು.

ಅರ್ಲೀನ್ ಪಿಸ್ತೂಲಿಗೆ ಕೈಹಾಕಿ ಓಡಿದಳು. ಬಾಗಿಲಿಗೆ ಒದ್ದು ಒಳಗೆ ನುಗ್ಗಿದಳು. ಹಾಸಿಗೆಯಿಲ್ಲ, ಪಾತ್ರೆಯಿಲ್ಲ. ಗೋಡೆಯ ಒಳಗಡೆಯೂ ಮಂಜು ಕಟ್ಟಿತ್ತು. ಪರದೆಯ ಹಿಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಟೇಬಲ್ ಲ್ಯಾಂಪು. ಅದರ ಪ್ಲಗ್ಗಿಗೊಂದು ಟೈಮರ್—ಅಂಗಡಿಯಲ್ಲಿ ಸಿಗುವ ಅಗ್ಗದ ಸಾಮಾನು, ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಹಿತ್ತಲ ಕಡೆಯಿಂದ ಬುಡಕ್ಕೆ ಟಾರ್ಚು ಬಿಟ್ಟಳು. ಬೋಳು ಪೈಪನ್ನು ಮನೆಗೆ ಸೇರುವ ಮುಂಚೆಯೇ ಕತ್ತರಿಸಿ ಬಿರಡೆ ಹಾಕಿದ್ದರು.

ಹೊರಗೆ ಸಾಲು ಸಾಲು ಕಿಟಕಿಗಳು ಬೆಳಗಿದ್ದವು. ಅವಳು ಕಿಟಕಿ ನೋಡಲಿಲ್ಲ, ಸೂರು ನೋಡಿದಳು. ಮಾರ್ಲಿಸಳ ಸೂರಿನ ಹಿಮ ಒಳಗಿನ ಕಾವಿಗೆ ಕರಗಿ ಅಂಚಿನಲ್ಲಿ ನೀರ್ಗಡ್ಡೆಯಾಗಿ ಜೋತುಬಿದ್ದಿತ್ತು. ಹಳದಿ ಮನೆಯ ಮೇಲೆ ಬಿದ್ದ ಹಿಮ ಬಿದ್ದಂತೆಯೇ ಇತ್ತು. ಅದರ ಪಕ್ಕದ ಮನೆಯ ಮೇಲೂ, ಅದರಾಚೆಯ ಮನೆಯ ಮೇಲೂ. ದೀಪವಿದೆ, ಕಾವಿಲ್ಲ.

ಕ್ವಿಲ್ ಒಂದೇ ಪ್ರಶ್ನೆಗೆ ಕುಸಿದು ಕೂತ.

"ಕೊಳ್ಳೋರು ಸಂಜೆ ಬಂದು ದೀಪ ಎಣಿಸ್ತಾರೆ ಅಂತ ಗೊತ್ತಿತ್ತು, ಮೇಡಂ. ಡ್ವೇನ್ ಕೈಲಿ ಖಾಲಿ ಮನೆಗಳಿಗೆಲ್ಲ ಲ್ಯಾಂಪ್ ಇಡಿಸ್ದೆ. ಕಣ್ಣಿಗೆ ಮಣ್ಣೆರಚಿದ್ದು ನಿಜ. ಆದ್ರೆ ಕೊಲೆ—ದೇವರಾಣೆ ನಾನಲ್ಲ!"

"ಗೊತ್ತು," ಎಂದಳು ಅರ್ಲೀನ್. ಅಲ್ಲಿಂದ ನೇರ ಲಾಕಪ್ಪಿಗೆ ಹೋದಳು.

"ಸೋಮವಾರದ ಸಹಿ ನಿಂತೋಯ್ತು, ಅಮ್ಮಾ. ಸುಳ್ಳು ದೀಪ ನೋಡ್ಕೊಂಡು ಬಂದೆ. ಹಳದಿ ಮನೆ ಖಾಲಿ ಅಂತ ಆಗಲೇ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ಯಾ? ಅದನ್ನ ಕ್ವಿಲ್‌ನ ಕೇಳ್ದೆ. ನನ್ನ ಹತ್ರ ಬರೀ ಜಗಳ ಕೇಳ್ದೆ."

ಅರ್ಲೀನ್ ಅವಳ ಎದುರಿಗೆ ಕೂತಳು. ಮಾರ್ಲಿಸ್ ತಾನೇ ಮುಂದುವರಿಸಿದಳು.

"ಗುರುವಾರ ಬಂದು ಮಗುವಿನ ಹಾಗೆ ಅತ್ತ. 'ಸುಳ್ಳು ದೀಪ ಹಚ್ಚಿ ನಿಮ್ಮನ್ನೆಲ್ಲ ಮಾರ್ತಿದೀನಿ' ಅಂದ. ಚೆನ್ನಾಗಿ ಬೈದೆ. ಆಮೇಲೆ ಅವನೇ ಹೇಳ್ದ—ಭಾನುವಾರ ಲಾಂಡ್ರಿ ರೂಮಲ್ಲಿ ಎಲ್ಲರನ್ನೂ ಸೇರಿಸ್ತೀನಿ, ನಾವೇ ಸಾಲ ಎತ್ತಿ ಪಾರ್ಕ್ ಕೊಳ್ಳೋಣ ಅಂತ. ಕ್ವಿಲ್‌ಗೆ ಗೊತ್ತಾದ್ರೆ ಅವತ್ತೇ ಸಹಿ ಹಾಕ್ಬಿಡ್ತಾನೆ, ಬಾಯಿ ಬಿಡಬೇಡ ಅಂದ. ಆ ಫ್ಲೋರಿಡಾದೋನು ಸಂಜೆ ಬಂದ್ರೆ ಎಲ್ಲಾ ಹೇಳಿ ವಾಪಸ್ ಕಳಿಸ್ತೀನಿ ಅಂದಿದ್ದ. ಅಷ್ಟೇ ನೋಡು, ಆಮೇಲೆ ಅವನನ್ನ ನೋಡ್ಲಿಲ್ಲ."

ಶನಿವಾರ ಬೆಳಿಗ್ಗೆ ಠಾಣೆಯ ಕೋಣೆಯಲ್ಲಿ ಪ್ರೆಸ್ಟನ್ ಲೈಲ್ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಗೋಡೆಗೊರಗಿ ನಿಂತಿದ್ದ ಷೆರೀಫ್‌ಗೂ ಕೇಳಿಸುವಂತೆ ಅರ್ಲೀನ್ ಹೇಳತೊಡಗಿದಳು.

"ಕೊಂದವನಿಗೆ ಹೆಣ ಅಡಗಿಸ್ಬೇಕಿರಲಿಲ್ಲ. ಅಪಘಾತ ಅನ್ನಿಸ್ಬೇಕಿತ್ತು. ಡ್ವೇನ್ ಕೈಲಿ ಡ್ರೈಯರ್ ಇತ್ತು. ಪೈಪ್ ಬಿಸಿ ಮಾಡೋಕೆ ಹೋಗಿ ಸತ್ತ ಅಂದ್ರೆ ನಂಬ್ತಾರೆ. ಆದ್ರೆ ಅದಕ್ಕೆ ಜನ ಇರೋ ಮನೆ ಬೇಕಲ್ಲ? ಅವನು ಆರಿಸಿದ್ದು ಹಳದಿ ಮನೆ. ಅಲ್ಲಿ ಒಕ್ಕಲಿಲ್ಲ. ನೀರೇ ಇಲ್ಲ."

"ನಂಗೇನ್ ಸಂಬಂಧ?"

"ಕ್ವಿಲ್‌ಗೆ ಅದು ಖಾಲಿ ಅಂತ ಗೊತ್ತು, ದೀಪ ಇಡಿಸಿದ್ದೇ ಅವನು. ಮಾರ್ಲಿಸ್‌ಗೆ ಗೊತ್ತು. ಪಾರ್ಕಲ್ಲಿರೋ ಮಕ್ಕಳಿಗೂ ಗೊತ್ತು. ಅವರ್ಯಾರೂ ಆ ಮನೆಗೆ ಹೆಣ ತರೋರಲ್ಲ. ಆ ದೀಪ ನಂಬಿದೋನು ಒಬ್ಬನೇ. ನಿಮ್ಮೂರಲ್ಲಿ ಹಿಮ ಬೀಳಲ್ಲ, ಲೈಲ್. ನೀವು ಕಿಟಕಿ ನೋಡಿದ್ರಿ, ಸೂರು ನೋಡ್ಲಿಲ್ಲ."

ಲೈಲ್‌ನ ಕಾಲು ನಿಧಾನವಾಗಿ ಕೆಳಗಿಳಿಯಿತು.

"ನಿಮ್ಮ ಬಾಡಿಗೆ ಕಾರಿನ ಡಿಕ್ಕಿ ಬಿಚ್ಚಿಸಿದೀವಿ. ಚಕ್ರ ಬಿಚ್ಚೋ ಕಬ್ಬಿಣದ ಸಲಾಕೆ ಇಲ್ಲ. ಹಾಸಿನ ಕೆಳಗೆ ರಕ್ತ ಇದೆ. ಗುರುವಾರ ಸಂಜೆ ಡ್ವೇನ್ ನಿಮ್ಮ ಕಾರ್ ನಿಲ್ಲಿಸ್ದ. ಇಲ್ಲಿನ ಜನಾನೇ ಪಾರ್ಕ್ ಕೊಳ್ತಾರೆ, ನೀವು ಹೊರಡಿ ಅಂದ. ಅಲ್ವಾ?"

ಲೈಲ್ ನೆಲ ನೋಡುತ್ತ ಹೇಳಿದ. "ಚಿನ್ನದಂಥ ಪಾರ್ಕು... ಅದಕ್ಕೇ ಇವರು ಬಿಟ್ಟುಕೊಡಲ್ಲ ಅನ್ಕೊಂಡೆ. ಇನ್ನೂ ಏನೋ ಹೇಳೋಕೆ ಬಂದ. ನಾನು ಕೇಳ್ಲಿಲ್ಲ."

"ಅದೇ ಹೇಳೋಕೆ ಬಂದಿದ್ದ. ದೀಪ ಸುಳ್ಳು ಅಂತ. ಇನ್ನೊಂದು ಮಾತು ಕೇಳಿದ್ರೆ ನೀವೇ ಕಾರ್ ತಿರುಗಿಸ್ಕೊಂಡು ಹೋಗ್ತಿದ್ರಿ. ಅವನೂ ಬದುಕಿರ್ತಿದ್ದ."

ಲೈಲ್ ಕೊನೆಗೆ ತಲೆ ಎತ್ತಿದ.

"ಎಷ್ಟು?"

"ಏನೆಷ್ಟು?"

"ಖಾಲಿ ಮನೆ. ಎಷ್ಟು ದೀಪ ಸುಳ್ಳು?"

ಷೆರೀಫ್ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ. ಇಷ್ಟು ವರ್ಷದ ಕೆಲಸದಲ್ಲಿ ಅವನು ಬಹಳ ಕೇಳಿದ್ದ, ಇದನ್ನು ಕೇಳಿರಲಿಲ್ಲ.

"ಅರ್ಧಕ್ಕರ್ಧ," ಎಂದಳು ಅರ್ಲೀನ್.

ಆಗ ಲೈಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆ ಅಳು ಡ್ವೇನ್‌ಗಾಗಿ ಅಲ್ಲವೆಂದು ಅರ್ಲೀನ್‌ಗೆ ತಿಳಿದಿತ್ತು. ಅವಳು ಎದ್ದು ಹೊರಗೆ ಬಂದಳು.

ಮಾರ್ಲಿಸ್ ಬೆಂಚಿನ ಮೇಲೆ ಕೋಟು ತೊಟ್ಟು ಕೂತಿದ್ದಳು.

"ನಲ್ಲಿ ಬಿಟ್ಟಿದ್ಯಾ, ಮಗಳೇ?"

"ಬಿಟ್ಟಿದೀನಿ. ಮನೆ ಚೆನ್ನಾಗಿದೆ. ಬನ್ನಿ, ಬಿಟ್ಟು ಬರ್ತೀನಿ."

"ನಾಳೆ ಸಭೆ ಹೇಗೆ ಮಾಡೋದು? ಲಾಂಡ್ರಿ ರೂಮಿಗೆ ನಿಮ್ಮೋರು ಬೀಗ ಹಾಕಿದಾರೆ. ಡ್ವೇನ್ ಹತ್ರ ಇದ್ದ ಕೀಲಿ..."

"ನನ್ನ ಹತ್ರ ಇದೆ. ನಾನೇ ಬಂದು ತೆಗೀತೀನಿ."

ಮುದುಕಿ ತಲೆಯಾಡಿಸಿದಳು. ಬಾಗಿಲವರೆಗೂ ಗಟ್ಟಿಯಾಗಿಯೇ ನಡೆದಳು. ಅಲ್ಲಿ ನಿಂತು, ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡಳು.

"ಸ್ವಲ್ಪ ಬೇಗ ಬಾ. ಕುರ್ಚಿ ಹಾಕ್ಬೇಕು," ಎಂದಳು. "ಅದನ್ನೂ ಅವನೇ ಮಾಡ್ತಿದ್ದ."