ಸೀಟಿನ ಮೇಲಿನ ಕೆಸರು

"ಬಂದ್ ಮಾಡ್ರಿ! ಅದನ್ನ ಮೊದ್ಲ ಬಂದ್ ಮಾಡ್ರಿ!"

ಕಾಗವಾಡದ ದ್ರಾಕ್ಷಿ ತೋಟದ ಬದುವಿನಿಂದ ಹುಡುಗಿಯೊಬ್ಬಳು ಚೀರಿದಾಗ, ಸೈಕಲ್ ತೊಳೆಯುತ್ತಿದ್ದ ಉತ್ತಮ ಗಾಬರಿಯಾಗಿ ತಿರುಗಿದ. ಕೈಯಲ್ಲಿದ್ದ ಪಂಪಿನ ಪೈಪೂ ಅವನ ಜೊತೆಗೇ ತಿರುಗಿತು. ಚೀರಿದ ಜಿನಮತಿ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾದಳು!

ಅದು ೧೯೯೫ರ ಜುಲೈ. ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿಗೆ ಬರೀ ನೀರು ತುಂಬಿ, ಟ್ರ್ಯಾಕ್ಟರಿನಿಂದ ಎಮ್ಮೆಯವರೆಗೆ ಎಲ್ಲವನ್ನೂ ತೊಳೆಯುವುದು ಅಲ್ಲಿನ ರೂಢಿ. ಉತ್ತಮ ತನ್ನ ಹೊಸ ಗೇರ್ ಸೈಕಲ್ಲಿಗೂ ಅದನ್ನೇ ಹಿಡಿದಿದ್ದ.

"ಇಷ್ಟ ಜೋರಿನ ನೀರ ಹೊಡದ್ರ ಬೇರಿಂಗಿನ ಗ್ರೀಸ್ ತೊಳದ ಹೋಗತೈತ್ರಿ!" ಮುಖ ಒರೆಸಿಕೊಳ್ಳುತ್ತ ಗದರಿದಳು.

"ನಿಮಗ ಹ್ಯಾಂಗ ಗೊತ್ರಿ?"

"ಸೈಕಲ್ ಅಂಗಡಿ ದಾದಾಸಾಹೇಬರ ಮಗಳ್ರಿ ನಾ. ಮುಂದಿನ ಸಲ ಅಂಗಡಿಗಿ ತರ್ರಿ, ತೋರಸ್ತೀನಿ."

ತಂದ. ಪ್ರತಿ ರವಿವಾರ ತಂದ!

ಅವಳು ಚೊಂಬಿನಿಂದ ನೀರು ಚಿಮುಕಿಸಿ, ಮಣ್ಣು ನೆನೆಯಲು ಬಿಟ್ಟು, ಬ್ರಶ್ಶಿನಿಂದ ಮೆತ್ತಗೆ ತಿಕ್ಕುವಳು. ಅವನು ಚೈನು ಒರೆಸಿ ಹನಿ ಹನಿಯಾಗಿ ಎಣ್ಣೆ ಬಿಡುವನು. ಮಾತು ಕಡಿಮೆ, ನೋಟ ಜಾಸ್ತಿ…

ಮಳೆಗಾಲ ಮುಗಿದು ಜನವರಿ ಬಂತು. ರಸ್ತೆಯ ತುಂಬ ಧೂಳು. ಉತ್ತಮನ ಸೈಕಲ್ಲಿಗೆ ಮಾತ್ರ ಕೆಸರು ತಪ್ಪಲಿಲ್ಲ!

'ಎಲ್ಲಿಂದ ಬರ್ತೈತಿ ಈ ಕೆಸರು?' ಜಿನಮತಿಯ ತಲೆಯಲ್ಲಿ ಹುಳ ಹೊಕ್ಕಿತು.

ಉತ್ತರ ಕೊಟ್ಟವಳು ಪಕ್ಕದ ಮನೆಯ ಲಕ್ಕವ್ವ. "ಈಗ ಕೆಸರಂದ್ರ ಅಂಕಲಿ ಹೊಳಿ ದಂಡ್ಯಾಗಷ್ಟ ನೋಡವಾ. ಅದ ಊರಾಗ ಅಂವಗ ಕನ್ಯಾ ನೋಡ್ಯಾರಂತ."

ಜಿನಮತಿ ಕೈಯಲ್ಲಿದ್ದ ಬ್ರಶ್ಶನ್ನು ಕೆಳಗಿಟ್ಟಳು. ಹಾಗಾದರೆ ಆ ಹುಡುಗಿಯನ್ನು ನೋಡಿ ಬಂದು, ಆ ಕೆಸರನ್ನು ನನ್ನ ಕೈಯಿಂದ ತೊಳೆಸುತ್ತಾನೆಯೇ…?

ಮುಂದಿನ ರವಿವಾರ ಅಪ್ಪ ಹೇಳಿದರು, "ನಿನ್ನ ಕೇಳಾಕ ಬಂದಿದ್ದ ನಿಪ್ಪಾಣಿ ಬೀಗರು ಉತ್ತರಕ್ಕ ಕಾಯಾಕತ್ತಾರವಾ. ಹೊತ್ತು ಮುಳುಗೂದ್ರಾಗ ಊಟಕ್ಕ ಕೂಡ್ತೀವಲ್ಲ, ಅಷ್ಟ್ರಾಗ ಹೂಂ ಇಲ್ಲಾ ಉಹೂಂ, ಒಂದ ಹೇಳು."

ಐದು ಗಂಟೆಗೆ ಉತ್ತಮ ಬಂದ. ಕೆಸರಿನ ಸಮೇತ!

ಬೇಡವೆನ್ನಬೇಕೆಂದವಳ ಕೈ ತಾನಾಗಿ ಬ್ರಶ್ಶು ಹಿಡಿಯಿತು. ತುಂಬಿದ ಕಣ್ಣಲ್ಲೇ ತಿಕ್ಕುತ್ತಿದ್ದವಳು ಥಟ್ಟನೆ ನಿಂತಳು.

ಟೈರಿನ ಸಂದಿಯಲ್ಲಿ ಒಣ ಧೂಳು. ಕೆಸರಿದ್ದದ್ದು ಸೀಟಿನ ಮೇಲೆ! ಅದರಲ್ಲಿ ಐದು ಬೆರಳಿನ ಗುರುತು, ದ್ರಾಕ್ಷಿ ಎಲೆಯದೊಂದು ಚೂರು…

"ಇದರ ಮ್ಯಾಲ ಕುಂತ ಬಂದ್ರೂ ನಿಮ್ಮ ಪ್ಯಾಂಟ್ ಸ್ವಚ್ಛ ಐತಲ್ರಿ?"

"ದೂಡಕೊಂಡ ಬಂದೀನ್ರಿ…"

"ಅಂಕಲಿಯಿಂದ? ನಿಮ್ಮ ಕನ್ಯಾದ ಊರಿಂದ?"

ಉತ್ತಮ ತಬ್ಬಿಬ್ಬಾದ. "ಆ ಮನಿಗಿ ನಾ ಹೋಗೇ ಇಲ್ರಿ! ಬ್ಯಾಡಂತ ದೀಪಾವಳಿಗೇ ಹೇಳೀನಿ. ಇದು… ನಮ್ಮ ತೋಟದ ಮಣ್ಣ. ನಾನ ಕಲಸಿ ಬಳಕೊಂಡ ಬರ್ತೀನ್ರಿ."

"ಯಾಕ್ರಿ?"

"ಸ್ವಚ್ಛ ಸೈಕಲ್ ತಗೊಂಡ ಯಾಕ ಬಂದಿ ಅಂತ ನಿಮ್ಮ ಅಪ್ಪಾರು ಕೇಳಿದ್ರ ಏನ ಹೇಳ್ಲಿ? ನಿಮ್ಮನ್ನ ನೋಡದ ರವಿವಾರ ನನಗ ಬ್ಯಾಡ್ರಿ, ಜಿನಮತಿ…"

ಅಳುತ್ತಿದ್ದವಳಿಗೆ ನಗು ಉಕ್ಕಿತು. ಇವನನ್ನು ಬಿಟ್ಟು ತನಗೆ ಇನ್ನಾರೂ ಬೇಡವೆಂದು ಆ ಕ್ಷಣ ಅವಳಿಗೆ ಖಚಿತವಾಯಿತು. ಹೊತ್ತು ಇಳಿಯುತ್ತಿತ್ತು. ಅಂಗಡಿಯ ಹಿಂದಿನ ಮನೆಯೊಳಗೆ ಅವ್ವ ಊಟದ ತಾಟು ಇಡುವ ಸದ್ದು ಕೇಳಿತು.

"ಕೈ ಹಿಡೀರಿ," ಎಂದು ಚೊಂಬು ಎತ್ತಿದಳು. "ತೊಳಕೊಂಡ ಒಳಗ ಬರ್ರಿ. ನಿಪ್ಪಾಣಿಯವರಿಗಿ ಉಹೂಂ ಅಂತ ನಾ ಹೇಳ್ತೀನಿ. ಉಳದದ್ದು ಅಪ್ಪಗ ನೀವ ಹೇಳ್ರಿ."

"ಬೈದ್ರ…?"

ಅವನ ಬೆರಳುಗಳ ಕೆಸರಿನ ಮೇಲೆ ಅವಳು ಮೆತ್ತಗೆ ನೀರು ಬಿಟ್ಟಳು.

"ನಾ ಬಾಜೂಕ ನಿಂತಿರ್ತೀನಲ್ರಿ!"