ಎಲ್ಲಿಯೂ ನಿಲ್ಲದ ಅಭ್ಯರ್ಥಿ

ಮಾಲತೇಶ ಮತ್ತೆ ಕೆಲಸ ಬಿಟ್ಟು ಬಂದಿದ್ದ. ಬಂದವನು ತಲೆ ತಗ್ಗಿಸುವ ಬದಲು, ನೆಂಟರ ಮನೆಗೆ ಊಟಕ್ಕೆ ಬಂದವನಂತೆ ನಿರಾಳವಾಗಿ ಬೆಂಚಿನ ಮೇಲೆ ಕುಳಿತು, ಮೇಜಿನಾಚೆಯಿದ್ದ ನೀಲಾಳನ್ನು ನೋಡಿ ಮುಗುಳ್ನಕ್ಕ. ನೀಲಾಳಿಗೆ ಮೈಯೆಲ್ಲ ಉರಿಯಿತು.

ಹಾವೇರಿಯ ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅಂದಾನೆಪ್ಪನವರ ಏಜೆನ್ಸಿ. ಗುತ್ತಿಗೆಯ ಮೇಲೆ ಆಳು ಬೇಕೆಂದವರಿಗೆ ಆಳನ್ನೂ ಕೆಲಸ ಬೇಕೆಂದವರಿಗೆ ಕೆಲಸವನ್ನೂ ಒದಗಿಸುವುದು ಅದರ ಕಸುಬು. ಅಂದಾನೆಪ್ಪನವರು ಕಂಪನಿಗಳ ಬಾಗಿಲು ತಿರುಗುತ್ತಿದ್ದರು. ಯಾರನ್ನು ಎಲ್ಲಿಗೆ ಕಳಿಸಬೇಕೆಂಬ ವಿವೇಚನೆ ಅಗಡಿಯಿಂದ ದಿನವೂ ಬಂದುಹೋಗುವ ನೀಲಾಳದು. ಆ ಕಸುಬಿಗೊಂದು ಕಟ್ಟಳೆಯಿತ್ತು. ಕಳಿಸಿದವನು ಮೂರು ತಿಂಗಳೊಳಗೆ ಬಿಟ್ಟುಹೋದರೆ, ಏಜೆನ್ಸಿಯೇ ಕೈಯಿಂದ ಖರ್ಚು ಹಾಕಿಕೊಂಡು ಬದಲಿ ಆಳನ್ನು ಕೊಡಬೇಕು. ರಾಣೆಬೆನ್ನೂರಿನ ಫಿಟ್ಟರ್ ಮಾಲತೇಶನಿಂದಾಗಿ ನೀಲಾ ಬದಲಿ ಕೊಟ್ಟು ಕೊಟ್ಟು ಬೇಸತ್ತಿದ್ದಳು. ಬೀಜದ ಕಂಪನಿಯಲ್ಲಿ ಅವನಿಗೆ ಧೂಳು ಆಗಿಬರಲಿಲ್ಲ. ಆಸ್ಪತ್ರೆಯ ಜನರೇಟರ್ ಕೋಣೆಯಲ್ಲಿ ಔಷಧಿಯ ವಾಸನೆ ಸೇರಲಿಲ್ಲ. ಈಗ ಅಕ್ಕಿ ಗಿರಣಿ.

“ಈ ಸಲ ಏನು ನೆವರಿ?”

“ಅಲ್ಲಿ ಚಾ ಭಾಳ ಸಿಹಿ ಇರತೈತ್ರಿ ಮೇಡಂ.”

“ನಿಮ್ಮನ್ನ ಚಾ ಕುಡಿಯಾಕ ಕಳಿಸಿದ್ನೇನ್ರಿ ನಾ?”

ಅವನು ಕಣ್ಣು ತಗ್ಗಿಸಿದ; ಆದರೆ ತುಟಿಯಂಚಿನ ನಗು ತಗ್ಗಲಿಲ್ಲ. ತನ್ನ ಶ್ರಮವನ್ನು ಈತ ಆಟವೆಂದು ಬಗೆದಿದ್ದಾನೆ ಎನ್ನಿಸಿ ಅವಳ ಧ್ವನಿ ಏರಿತು.

“ನಗಬ್ಯಾಡ್ರಿ. ಇನ್ನೊಮ್ಮೆ ನೀವು ಬಿಟ್ಟು ಬಂದ್ರ ಈ ಕುರ್ಚಿ ಮ್ಯಾಲ ನಾ ಇರಂಗಿಲ್ಲ. ನಮ್ಮ ಸಾಹುಕಾರ್ರು ನಿನ್ನೆ ಹೇಳ್ಯಾರ. ಆಳು ಗುರುತಿಸಾಕ ಬರದಾಕಿ ಇದ್ರೆಷ್ಟು, ಬಿಟ್ರೆಷ್ಟು ಅಂತ.”

ಗಾಳಿ ತಾಗಿದ ಸೊಡರಿನಂತೆ ಆ ನಗು ಆರಿತು. ಅವನಿಗೆ ಇದು ತಿಳಿದಿರಲಿಲ್ಲ. ಯಾವ ಕೆಲಸವಾದರೂ ಸರಿ, ಎಲ್ಲಿಯಾದರೂ ಸರಿ ಎಂದ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ, ಮೆಣಸಿನಕಾಯಿ ಚೀಲಗಳನ್ನು ತಂಪಾಗಿಡುವ ಯಂತ್ರಗಳ ಉಸ್ತುವಾರಿಗೆ ಆಳು ಬೇಕಾಗಿತ್ತು. ಅಲ್ಲಿ ನಿಲ್ಲುವಿರಾ ಎಂದು ಅವಳು ಕೇಳಿದಳು. ನಿಲ್ಲುತ್ತೇನೆ ಎಂದವನು ಬಾಗಿಲವರೆಗೆ ಹೋಗಿ ಒಮ್ಮೆ ಹಿಂದಿರುಗಿ ನೋಡಿದ. ಆ ನೋಟದಲ್ಲಿ ತುಂಟತನವಿರಲಿಲ್ಲ.

ಮತ್ತು ಅವನು ನಿಂತ.

ಹೊಸದಾಗಿ ಸೇರಿದವರಿಗೆ ಪ್ರತಿ ಸೋಮವಾರ ಫೋನ್ ಮಾಡಿ ವಿಚಾರಿಸುವುದು ಏಜೆನ್ಸಿಯ ಪದ್ಧತಿ. ಅವಳು ಇದ್ದೀರಾ ಎಂದು ಕೇಳುವಳು, ಅವನು ಇದ್ದೇನೆ ಎನ್ನುವನು. ಊಟ, ವಸತಿ, ಪಗಾರ ಎಲ್ಲಕ್ಕೂ ಒಂದೇ ಉತ್ತರ: ಅಡ್ಡಿಯಿಲ್ಲ. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ಬಳಿಕವೂ ಇಬ್ಬರೂ ಫೋನ್ ಇಡದೆ ತುಸು ಹೊತ್ತು ಸುಮ್ಮನಿರುತ್ತಿದ್ದರು. ಆ ಮೌನದಲ್ಲಿ ಅತ್ತಲಿನ ಯಂತ್ರದ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು.

ಕುರ್ಚಿ ಉಳಿದಿತ್ತು, ನೆಮ್ಮದಿ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದರೆ ನೀಲಾಳ ಕಣ್ಣು ಬಾಗಿಲಿಗೆ ಹೋಗುವುದು. ಗುತ್ತಲದಿಂದಲೋ ಕರ್ಜಗಿಯಿಂದಲೋ ಯಾರೋ ಕೆಲಸ ಅರಸಿ ಬಂದಿರುವರು. ಬೆಂಚಿನ ಮೇಲೆ ಯಾರು ಕುಳಿತರೂ ಅದು ಬರಿದಾಗಿಯೇ ತೋರುವುದು. ಗುರುವಾರ ಮಠಕ್ಕೆ ಹೋಗಿ ಕೈಮುಗಿದರೂ ಏನು ಬೇಡಬೇಕೆಂದು ತಿಳಿಯದು: ಅವನು ಅಲ್ಲಿ ನಿಲ್ಲಲೆಂದೋ, ಬಿಟ್ಟು ಬರಲೆಂದೋ? ಪ್ರಾಚೀನ ಆಲಂಕಾರಿಕರು ಇದನ್ನೇ, ಕೂಡುವ ಮೊದಲಿನ ಈ ಅನುರಾಗವನ್ನೇ, ಪೂರ್ವರಾಗವೆಂದು ಕರೆದು, ನಿದ್ರೆಗೇಡಿನಿಂದ ಉನ್ಮಾದದವರೆಗೆ ಅದರ ಅವಸ್ಥೆಗಳನ್ನು ಒಪ್ಪವಾಗಿ ವಿವರಿಸಿದ್ದಾರೆ. ಸೋಮವಾರಕ್ಕಾಗಿ ಭಾನುವಾರವನ್ನು ಶಪಿಸುವ ಅವಸ್ಥೆಯೊಂದು ಅವರಿಗೆ ಹೊಳೆದಿರಲಿಲ್ಲ.

ಮಾಗಿ ಕಳೆದು ಬಿಸಿಲೇರಿದ ಒಂದು ಮುಂಜಾನೆ ಅಂದಾನೆಪ್ಪನವರು ಪೇಢೆಯ ಪೊಟ್ಟಣ ಹಿಡಿದು ಬಂದರು. ಕೋಲ್ಡ್ ಸ್ಟೋರೇಜಿನ ಮ್ಯಾನೇಜರು ಮಾಲತೇಶನನ್ನು ಬಾಯ್ತುಂಬ ಹೊಗಳಿದ್ದರು. ಗುಜರಾತಿನಲ್ಲಿರುವ ಅವರ ದೊಡ್ಡ ಘಟಕಕ್ಕೆ ಎರಡು ವರ್ಷಗಳ ಕರಾರಿನ ಮೇಲೆ ಅವನೇ ಬೇಕಂತೆ. ಪಗಾರವೂ ಬಹಳ ಹೆಚ್ಚು. ಇಂಥ ಹುಡುಗನನ್ನು ಹುಡುಕಿದ ನಿನ್ನ ಕಣ್ಣಿಗೆ ಶರಣು ಎಂದು ಅವಳ ಕೈಗೊಂದು ಪೇಢೆಯಿಟ್ಟು, ಇವತ್ತೇ ಅವನನ್ನು ಒಪ್ಪಿಸು ಎಂದರು.

ನೀಲಾ ಪೇಢೆಯನ್ನು ತಿನ್ನದೆ ಮೇಜಿನ ಮೇಲಿಟ್ಟಳು. ಫೋನ್ ಎತ್ತಿಕೊಂಡಳು, ಇಟ್ಟಳು. ಮುಚ್ಚಿಟ್ಟರೆ ಒಬ್ಬನ ಅನ್ನಕ್ಕೆ ಅಡ್ಡಬಂದ ಪಾಪ; ಹೇಳಿದರೆ ತನ್ನ ಬಾಯಿಂದಲೇ ಅವನನ್ನು ದೂರಕ್ಕಟ್ಟಿದಂತೆ. ಕಡೆಗೆ ಅರ್ಧ ದಿನ ರಜೆ ಬೇಡಿ ಬ್ಯಾಡಗಿಯ ಬಸ್ಸು ಹತ್ತಿದಳು. ಕಾವ್ಯಗಳ ಅಭಿಸಾರಿಕೆ ಕಾಲ್ಗೆಜ್ಜೆ ಬಿಚ್ಚಿಟ್ಟು ಕತ್ತಲಲ್ಲಿ ನಲ್ಲನತ್ತ ಹೊರಡುತ್ತಾಳೆ; ನೀಲಾ ನಡುಹಗಲಲ್ಲಿ, ಟಿಫಿನ್ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ನಿಲುಗಡೆ ನಿಲುಗಡೆಗೂ ಇಳಿದು ಹಿಂದಿರುಗಿಬಿಡಲೇ ಎಂದುಕೊಳ್ಳುತ್ತ ಹೋದಳು.

ಊರಿಗೆ ಊರೇ ಮೆಣಸಿನಕಾಯಿಯ ಘಾಟು. ಗೇಟಿನ ಬಳಿ ಅವಳು ಸೀನುತ್ತ ನಿಂತಿರುವಾಗ ಮಾಲತೇಶ ತಂಪುಕೋಣೆಯ ದಪ್ಪ ಜಾಕೀಟು ತೊಟ್ಟೇ ಓಡಿಬಂದ. ಆ ಉರಿಬಿಸಿಲಲ್ಲಿ ಅವನ ಹುಬ್ಬಿನ ಮೇಲಿದ್ದ ಸಣ್ಣ ಹಿಮದ ಹನಿಗಳು ನೋಡನೋಡುತ್ತಲೇ ಕರಗಿದವು. ಅವಳು ನೋಡುವುದನ್ನು ಕಂಡು ಅವನು ತೋಳಿನಿಂದ ಮುಖ ಒರೆಸಿಕೊಂಡು, ಬೇವಿನ ಮರದ ನೆರಳಿಗೆ ಕರೆದ. ತಾನೇನು ತಪ್ಪು ಮಾಡಿದೆನೋ ಎಂಬ ದಿಗಿಲು ಅವನ ಮುಖದಲ್ಲಿತ್ತು.

ಅವಳು ಒಂದನ್ನೂ ಬಿಡದೆ ಹೇಳಿದಳು: ಊರು, ಪಗಾರ, ವಸತಿ, ಎರಡು ವರ್ಷಗಳ ಕರಾರು. ಅವನು ಕೊನೆಯವರೆಗೆ ಕೇಳಿದ.

“ಇದನ್ನ ಫೋನಿನ್ಯಾಗ ಹೇಳಬಹುದಿತ್ತಲ್ರಿ.”

“ಹೇಳಬಹುದಿತ್ತು.” ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಮೊದಲ ನೀವು ಹೇಳ್ರಿ. ಆ ಕೆಲಸೆಲ್ಲಾ ಖರೇ ಯಾಕ ಬಿಟ್ಟ್ರಿ?”

ಅವನು ಮರದ ಬೇರಿನತ್ತ ನೋಡುತ್ತ ಹೇಳಿದ.

“ಕೆಲಸ ಬಿಟ್ರ ನಿಮ್ಮ ಮುಂದ ಬಂದು ಕುಂದ್ರಾಕ ನೆವ ಸಿಗತಿತ್ರಿ. ನಿಮ್ಮ ಕುರ್ಚಿಗೆ ಕುತ್ತು ಬರತೈತಿ ಅಂತ ಗೊತ್ತಿದ್ರ ಹಂಗ ಮಾಡತಿರಲಿಲ್ಲ. ಈಗ ನಿಲ್ಲು ಅಂದ್ರಿ, ನಿಂತೇನಿ. ಹೋಗು ಅಂದ್ರ ಹೋಗ್ತೇನಿ.”

ಎಷ್ಟು ಜನರನ್ನು ಅವಳು ಹೋಗಿಬನ್ನಿ ಎಂದು ಕಳಿಸಿಕೊಟ್ಟಿದ್ದಳು! ಆ ಮಾತು ಇಂದು ನಾಲಿಗೆಗೆ ಬರಲೊಲ್ಲದು.

“ಹೋಗ್ರಿ ಅನ್ನೂದನ್ನ ಬಸ್ಸಿನ್ಯಾಗ ಬಾಯಿಪಾಠ ಮಾಡಕೋತ ಬಂದೆ. ಬರವಲ್ದು.” ಅವಳು ಮುಖವೆತ್ತಿದಳು. “ಹೋಗಬ್ಯಾಡ್ರಿ. ಇದು ಆಫೀಸಿನ ಮಾತಲ್ಲ, ನನ್ನ ಮಾತು.”

ಅವನು ಜಾಕೀಟಿನ ಗುಂಡಿಗಳನ್ನು ಬಿಚ್ಚತೊಡಗಿದ. ಆಮೇಲೆ, ತನ್ನ ತಾಯಿಯನ್ನು ಅಗಡಿಗೆ, ಅವಳ ಮನೆಗೆ, ಕಳಿಸಬಹುದೇ ಎಂದು, ಮುಖ ಬೇರೆ ಕಡೆ ತಿರುಗಿಸಿ ಕೇಳಿದ. ಲಗೂ ಕಳಿಸಿರಿ ಎಂದಳು ನೀಲಾ, ಇನ್ನೊಂದು ಸೀನಿನ ನಡುವೆ. ಇಬ್ಬರೂ ನಕ್ಕರು.

ಆಗಲೇ ಚೀಲದಲ್ಲಿ ಫೋನ್ ಗುಣುಗುಣಿಸಿತು. ಅಂದಾನೆಪ್ಪನವರು, ಹುಡುಗ ಏನೆಂದನೆಂದು ಕೇಳಿದರು. ಒಲ್ಲೆನೆಂದ ಎಂದಳು. ಯಾಕೆಂದು ಕೇಳಿದರು. ಸುಳ್ಳಿಗೆ ಬೇಕಾದಷ್ಟು ದಾರಿಗಳಿದ್ದವು.

“ನಾ ಬ್ಯಾಡ ಅಂದೇನ್ರಿ. ನನ್ನ ಸಲುವಾಗಿ.”

ಮಾಲತೇಶ ಅವಳ ಮುಖವನ್ನೇ ನೋಡುತ್ತಿದ್ದ. ಅಂದಾನೆಪ್ಪನವರ ಧ್ವನಿ ಮೆಲ್ಲಗೆ ಬಂತು.

“ನೋಡವಾ ತಂಗಿ, ಗುಜರಾತಿನವರಿಗೆ ನಾ ಏನರ ಹೇಳ್ತೇನಿ. ಆದ್ರ ಹುಡುಗ ನಿಲ್ತಾನನ್ನೂ ಖಾತ್ರಿ ಐತೇನು ನಿನಗ?”

“ಐತ್ರಿ” ಎಂದಳು ನೀಲಾ. ಮತ್ತು ಹಿಂದಿರುಗುವ ಬಸ್ಸು ಗೇಟಿನ ಮುಂದೆ ಬಂದು ಹಾರ್ನ್ ಹಾಕಿದಾಗ, ಅದಕ್ಕೆ ಕೈ ತೋರದೆ, ಹೋಗಗೊಟ್ಟಳು.