ಕಾಫಿ ಉಕ್ಕಿದ ಭಾನುವಾರ

“ಹೋಗಿ ನಿಮ್ಮಪ್ಪಂಗೆ ಹೇಳು. ಹತ್ತು ಗಂಟೆ ಬಸ್ಸಿಗೆ ಊರಿಗೆ ಹೊರಟೆ, ವೋಟು ಹಾಕಿ ಅಲ್ಲೇ ಇದ್ದುಬಿಡ್ತೀನಿ ಅಂತ!” ಬಾಲ್ಕನಿಯಿಂದ ತಾತ ಗುಡುಗಿದ.

ಹತ್ತು ವರ್ಷದ ಅಸಿಮಿನಾ ಅಡುಗೆಮನೆಗೆ ನಡೆದಳು. ಒಲೆಯ ಮುಂದೆ ಕಾಫಿ ಕಾಯಿಸುತ್ತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. ಆದರೂ ಅವಳು ಒಪ್ಪಿಸಲೇಬೇಕು, ಅದು ಮನೆಯ ಹೊಸ ರೂಲು.

“ತಾತಂಗೆ ಹೇಳು, ಬಾಗಿಲಿಗೆ ಯಾರೂ ಅಡ್ಡ ನಿಂತಿಲ್ಲ ಅಂತ.”

ಅವರಿಬ್ಬರೂ ಮಾತು ಬಿಟ್ಟು ಆರು ದಿನವಾಗಿತ್ತು. ಅಂದು ಇಡೀ ಗ್ರೀಸ್ ವೋಟು ಹಾಕಬೇಕಿತ್ತು. ದೇಶಕ್ಕೆ ಸಾಲ ಕೊಟ್ಟವರ ಷರತ್ತಿಗೆ ಹೂಂ ಅನ್ನುವುದೋ, ಉಹೂಂ ಅನ್ನುವುದೋ? ಚೀಟಿಯಲ್ಲಿದ್ದ ಪ್ರಶ್ನೆ ಇಷ್ಟೇ. ಆದರೆ ಅವರಿದ್ದ ವೋಲೋಸ್ ಪಟ್ಟಣದ ಮನೆಮನೆಯಲ್ಲೂ ಜಗಳ ನಡೆದದ್ದು, ಹತ್ತಾರು ದೇಶಗಳ ಜೊತೆ ಹಂಚಿಕೊಂಡ ಯೂರೋ ಇಟ್ಟುಕೊಳ್ಳುವುದೋ, ಅದನ್ನು ಬಿಟ್ಟು ತಮ್ಮದೇ ಹಳೆಯ ದುಡ್ಡು ದ್ರಾಕ್ಮಾಗೆ ಮರಳುವುದೋ ಎಂದು. ಅಪ್ಪ ಹೂಂ, ತಾತ ಉಹೂಂ. ದೊಡ್ಡವರು ಮುಖ ಊದಿಸಿಕೊಂಡು ಕೂತು ಚಿಕ್ಕವಳ ಕಾಲು ಸವೆಸುತ್ತಿದ್ದರು. ನಾಚಿಕೆಯಾಗಬೇಕು!

ತಾತ ನಿಜಕ್ಕೂ ಹೋಗಿಬಿಟ್ಟರೆ? ಅಸಿಮಿನಾಗೆ ಅಳು ಬಂದಂತಾಯಿತು. ಮತ್ತೆ ಬಾಲ್ಕನಿಗೆ ಹೋದಳು.

“ತಾತ, ಅಪ್ಪ ಹೇಳಿದ್ದು…”

“ಕೇಳಿಸ್ತು ಬಿಡು. ನನಗೇನು ಕಿವುಡಾ?”

“ನೀನ್ಯಾಕೆ ಉಹೂಂ?”

ತಾತ ಬ್ಯಾಗಿನ ಜಿಪ್ಪು ಎಳೆಯುವುದನ್ನು ನಿಲ್ಲಿಸಿದ.

“ನಿಮ್ಮಪ್ಪನ ತಲೆ ನೋಡಿದ್ದೀಯಾ? ನಲವತ್ತಕ್ಕೇ ಬೆಳ್ಳಗಾಗಿದೆ. ಮೂರು ಸಲ ಸಂಬಳ ಕತ್ತರಿಸಿದ್ರು. ಹೀಗೇ ಹೂಂ ಹೂಂ ಅಂತಿದ್ರೆ ಅವನ ಆಯಸ್ಸೆಲ್ಲ ಸಾಲ ತೀರಿಸೋದ್ರಲ್ಲೇ ಹೋಗತ್ತೆ. ದ್ರಾಕ್ಮಾ ಕಾಲದಲ್ಲಿ ಬರೀ ಬೀನ್ಸ್ ಸೂಪ್ ಕುಡಿದ್ವಿ, ನಿಜ. ಆದ್ರೆ ಯಾರ ಮುಂದೂ ಕೈ ಕಟ್ಟಿ ನಿಲ್ಲಲಿಲ್ಲ.”

ಅಸಿಮಿನಾ ಅಡುಗೆಮನೆಗೆ ಬಂದಳು.

“ಅಪ್ಪ, ನೀನ್ಯಾಕೆ ಹೂಂ?”

ಅಪ್ಪ ಫ್ರಿಜ್ ತೆಗೆದು ಸಣ್ಣದೊಂದು ಡಬ್ಬಿ ತೋರಿಸಿದ. ಅದು ತಾತನ ಇನ್ಸುಲಿನ್.

“ಇದು ಹೊರದೇಶದಿಂದ ಬರೋದು. ನಾಳೆ ದ್ರಾಕ್ಮಾ ಬಂದ್ರೆ, ಬೆಲೆಯಿಲ್ಲದ ಆ ದುಡ್ಡಿಗೆ ಇದನ್ನ ಯಾರು ಕೊಡ್ತಾರೆ? ನಿಮ್ಮ ತಾತಂಗೆ ದಿನಾ ಬೇಕು. ನೋಡು, ಇದನ್ನ ಇಲ್ಲೇ ಬಿಟ್ಟು ಹೊರಟಿದಾರೆ, ಮೊಂಡು ಮನುಷ್ಯ! ಅದಿರ್ಲಿ, ಏನಂದ್ರು?”

ಅಸಿಮಿನಾ ಸ್ವಲ್ಪ ಯೋಚಿಸಿದಳು.

“ನಿನ್ನ ಕೂದಲು ಬೆಳ್ಳಗಾಗಿದೆ ಅಂದ.”

ಅಪ್ಪನ ಕೈ ತಾನಾಗಿ ತಲೆಗೆ ಹೋಯಿತು. ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅವನು ಒಲೆ ಆರಿಸಿದ.

“ತಾತಂಗೆ ಹೇಳು, ನನ್ನ ವೋಟೂ ಊರಲ್ಲೇ ಇರೋದು. ಕಾರಲ್ಲಿ ಕರ್ಕೊಂಡ್ ಹೋಗ್ತೀನಿ ಅಂತ.”

“ಇದನ್ನ ನೀನೇ ಹೇಳು,” ಎಂದು ಅಸಿಮಿನಾ ಚಪ್ಪಲಿ ಹಾಕಿಕೊಳ್ಳಲು ಕುಳಿತಳು.

ಅಪ್ಪ ಬಾಲ್ಕನಿಯ ಬಾಗಿಲಲ್ಲಿ ನಿಂತ. ಗಂಟಲು ಸರಿಮಾಡಿಕೊಂಡ.

“ಕಾಫಿ ಉಕ್ಕಿಸಿಬಿಟ್ಟೆ, ಅಲ್ವಾ?” ಎಂದ ತಾತ. “ವಾಸನೆ ಇಲ್ಲೀವರೆಗೂ ಬಂತು.”

ಆರು ದಿನಗಳ ಮೇಲೆ ಅವನು ಮಗನ ಜೊತೆ ಆಡಿದ ಮೊದಲ ಮಾತು ಅದು.

ಮೂವರೂ ಕೂತ ಕಾರು ಊರಿನ ಕಡೆಗೆ ಬೆಟ್ಟದ ರಸ್ತೆ ಹತ್ತಿತು.

“ನಾನು ಉಹೂಂಗೇ ಹಾಕೋದು,” ಎಂದ ತಾತ.

“ಹಾಕಿ. ನಂದು ಹೂಂ.”

ಹಿಂದಿನ ಸೀಟಿನಲ್ಲಿ ಅಸಿಮಿನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಹೂಂ, ಒಂದು ಉಹೂಂ. ಇಬ್ಬರೂ ಮನೆಯಲ್ಲೇ ಕೂತಿದ್ದರೂ ಅಷ್ಟೇ ಆಗುತ್ತಿತ್ತು. ಹೇಳಲು ಬಾಯಿ ತೆರೆದವಳು, ಮುಂದಿನ ಸೀಟುಗಳ ಎರಡು ಬಿಳಿ ತಲೆಗಳನ್ನು ನೋಡಿ ಸುಮ್ಮನಾದಳು.

ಅರ್ಧ ದಾರಿಯಲ್ಲಿ ಅವಳಿಗೆ ನೆನಪಾಯಿತು, ತಾತನ ಬಟ್ಟೆಯ ಬ್ಯಾಗು ಬಾಲ್ಕನಿಯಲ್ಲೇ ಉಳಿದಿತ್ತು. ತಾತ ಅದನ್ನು ಕೇಳಲಿಲ್ಲ. ಅವಳೂ ನೆನಪಿಸಲಿಲ್ಲ. ತೊಡೆಯ ಮೇಲಿದ್ದ ಇನ್ಸುಲಿನ್ನಿನ ತಣ್ಣನೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.